ಸೀಳುಬಂಡೆಯ ಫೋಟೊ

ಮರಳೂರು, ತುಮಕೂರು
೧೮-೧-೨೦೨೫

ಪ್ರೀತಿಯ ತಾತಾ,

ಮೊಣಕಾಲು ನೋವು ಹೇಗಿದೆ? ಕುಣಿಗಲ್ ಕಡೆ ಚಳಿ ಜೋರಂತೆ. ಇರುವ ಒಂದು ಕಂಬಳಿಯನ್ನು ಕುರಿಮರಿಗೆ ಹೊದಿಸಿ ನೀನು ನಡುಗುತ್ತಾ ಕೂತಿರುತ್ತೀಯ, ನನಗೆ ಗೊತ್ತಿಲ್ಲವೇ. ಮಂದೆ ಈಗ ಯಾರ ಹೊಲದಲ್ಲಿದೆ? ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ರಾಗಿಹಿಟ್ಟು ತರುವ ನಾಗೇಶನ ಕೈಯಲ್ಲಿ ಈ ಕಾಗದ ಕಳಿಸಿದ್ದೇನೆ. ಅವನಿಂದ ಓದಿಸಬೇಡ, ನಿಧಾನವಾದರೂ ನೀನೇ ಓದು.

ಹೋದ ತಿಂಗಳು ಮಂದೆ ಹೊಡೆದುಕೊಂಡು ಹೊರಡುವ ಮುಂಚೆ, ಗುಬ್ಬಿ ಕಡೆಯ ನಮ್ಮೂರ ಗುಡ್ಡದಲ್ಲಿ ನನಗೆ ತೋಳದ ಬಿಲ ತೋರಿಸಿದೆಯಲ್ಲ. ನಾಲ್ಕು ಮರಿಗಳಿದ್ದವು. ಬೆರಳು ಮಾಡಬಾರದೆಂದು ಗಲ್ಲದಲ್ಲೇ ಸನ್ನೆ ಮಾಡಿ, "ನೋಡ್ಕಂಡು ಮರ್ತುಬುಡು ಕಣವ್ವ. ವರ್ಸಕ್ಕೊಂದು ಕುರಿ ಅದ್ರ ಪಾಲು ಅಂತ ನಮ್ಮಪ್ಪನೂ ಬುಟ್ಟಿದ್ದ" ಅಂದೆ. ನಾನು ಮರೆಯುವ ಬದಲು ಫೋಟೊ ತೆಗೆದುಕೊಂಡೆ.

ಅಂತರಸನಹಳ್ಳಿ ಫ್ಯಾಕ್ಟರಿಗೆ ರಜೆ ಇದ್ದ ದಿನ ನಾನು ಊರೂರಿಗೆ ಹೋಗಿ ತೋಳ ಉಳಿಸಿ ಅಂತ ಹೇಳುತ್ತೇನೆ, "ತೋಳದ ಮೇಡಂ" ಅಂತ ನೀನೇ ರೇಗಿಸುತ್ತೀಯ. ಹೋದ ಭಾನುವಾರ ನಮ್ಮ ಪಕ್ಕದೂರಿನ ಶಾಲೆಯಲ್ಲಿ ಪರದೆ ಕಟ್ಟಿ, ತೋಳ ಇಲಿ ಮೊಲ ಹಿಡಿದು ಬೆಳೆಗೂ ಉಪಕಾರ ಮಾಡುತ್ತದೆ, ಕುರಿ ಹೋದರೆ ಪರಿಹಾರಕ್ಕೆ ಅರ್ಜಿ ಹಾಕಿ, ಕೊಲ್ಲಬೇಡಿ ಎಂದೆಲ್ಲ ಹೇಳಿ ಕೊನೆಗೆ ಆ ಮರಿಗಳ ಫೋಟೊ ಹಾಕಿದೆ. ಜಾಗದ ಹೆಸರು ಹೇಳಲಿಲ್ಲ, ಅಷ್ಟು ಜಾಣತನವಿತ್ತು. ಆದರೆ ಮರಿಗಳ ಹಿಂದೆ ನಮ್ಮ ಗುಡ್ಡದ ಸೀಳುಬಂಡೆ ಕಾಣುತ್ತಿತ್ತು. ಎದುರಿಗೆ ಕೂತವರೆಲ್ಲ ಕುರಿ ಕಾಯುವವರು ತಾತ. ಅವರಿಗೆ ಗುಡ್ಡದ ಒಂದೊಂದು ಬಂಡೆಯೂ ನೆಂಟರ ಮುಖದಷ್ಟು ಗುರುತು. ಕುರಿ ಸಾಕುವ ಮನೆಯಲ್ಲಿ ಹುಟ್ಟಿದ ನನಗೆ ಅದು ಹೊಳೆಯಲೇ ಇಲ್ಲ. ನನ್ನ ಗಮನ ಚಪ್ಪಾಳೆಯ ಮೇಲಿತ್ತು.

ಬುಧವಾರ ಹೋಗಿ ನೋಡಿದೆ. ಬಿಲಕ್ಕೆ ಹೊಗೆ ಹಾಕಿ ಬಾಯಿಗೆ ಕಲ್ಲು ಜಡಿದಿದ್ದರು. ಕಲ್ಲು ಸರಿಸಿದರೆ ನಾಲ್ಕೂ ಒಂದರ ಮೇಲೊಂದು ಬಿದ್ದಿದ್ದವು. ಹೊರಗೆ ತಾಯಿ ಮಣ್ಣು ಕೆರೆದ ಗುರುತಿತ್ತು. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಅದು ನಾನೇ. ನೀನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಉಳಿಸಿದ್ದನ್ನು ನಾನು ಒಂದು ಭಾಷಣದಲ್ಲಿ ಕಳೆದೆ. ನಾಚಿಕೆಯಿಂದ ಯಾರಿಗೂ ಮುಖ ತೋರಿಸಲಾಗುತ್ತಿಲ್ಲ.

ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೋ. ಪಾದ ಮುಟ್ಟುವ ಯೋಗ್ಯತೆ ಇಲ್ಲದಿದ್ದರೂ ನಮಸ್ಕಾರ.

ನಿನ್ನ ಮೊಮ್ಮಗಳು
ರೂಪಶ್ರೀ

ವಿ.ಸೂ.: ಇದು ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬಿಲ ತೋರಿಸಿದ್ದು ನಮ್ಮ ತಾತ ಎಂದು ಅವತ್ತು ಹೆಮ್ಮೆಯಿಂದ ನಿನ್ನ ಹೆಸರನ್ನೂ ಹೇಳಿಬಿಟ್ಟೆ. ಕುರಿ ಕಳೆದುಕೊಂಡವರು ಈಗ, "ಸಿದ್ದಯ್ಯಂಗೆ ಗೊತ್ತಿತ್ತು, ನಮ್ ಕುರಿ ತಿನ್ಲಿ ಅಂತ ಸುಮ್ಕಿದ್ದ" ಅನ್ನುತ್ತಿದ್ದಾರೆ. ನಿನ್ನ ಮಂದೆಯನ್ನು ಗುಡ್ಡಕ್ಕೆ ಬಿಡುವುದಿಲ್ಲವಂತೆ. ಬರುವ ಭಾನುವಾರ ಅದೇ ಶಾಲೆಗೆ ಎಲ್ಲರನ್ನೂ ಕರೆದಿದ್ದೇನೆ. ತಪ್ಪು ನನ್ನದೆಂದು ಅವರ ಮುಂದೆ ಹೇಳಿ ಮುಗಿಸುವ ತನಕ ನೀನು ಊರಿಗೆ ಬರಬೇಡ ತಾತ.