ಹರಕೆಯ ತಂತಿ

ಸೆರ್ರಾಲಿವಾ
ಬುಧವಾರ, 22 ಜುಲೈ 1987

ನನ್ನ ಡೊನಾಟಾ ಮಗಳೇ,

ಹೇಗಿದ್ದೀಯ? ಹೊಟ್ಟೆಗೆ ಏನಾದರೂ ತಿಂದೆಯಾ? ನಿನ್ನೆ ಕಾಫಿ ಅಂಗಡಿಯಿಂದ ತಾರಾಂತೊಗೆ ಫೋನ್ ಮಾಡಿದೆ. ನೀನು ಕಿಟಕಿ ಹತ್ತಿರ ಕೂತಿದ್ದೀಯ, ಎಷ್ಟು ಕರೆದರೂ ಫೋನಿಗೆ ಬರುವುದಿಲ್ಲ ಎಂದಳು ನಿನ್ನ ಚಿಕ್ಕಮ್ಮ ಫಿಲೊಮೆನಾ. ಮಾಡಿಟ್ಟ ಅಡುಗೆ ಹಾಗೇ ಉಳಿಯುತ್ತಿದೆಯಂತೆ. ಸೆಕೆಗೆ ನಿನಗೆ ತಲೆನೋವು ಬರುತ್ತದೆ, ಮಧ್ಯಾಹ್ನ ಬಾಗಿಲು ಮುಚ್ಚಿ ಮಲಗು. ಚಿಕ್ಕಮ್ಮ ಗಟ್ಟಿ ಬಾಯಿಯವಳು, ಆದರೆ ಒಳ್ಳೆಯವಳು. ಅವಳು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದೆಯಂತೆ. 'ನನ್ನ ಕೈ ಸರಿಯಿಲ್ಲ ಚಿಕ್ಕಮ್ಮ, ದೀಪದ ತಂತಿ ಮುಟ್ಟೋ ಕೈ ಅಲ್ಲ ಇದು' ಎಂದೂ ಅಂದೆಯಂತೆ. ಅವಳು ಈ ಮಾತನ್ನು ಹೇಳಿದಾಗ ಅಂಗಡಿಯಲ್ಲಿ ಜನ ಇದ್ದರು. ನಾನು ಗೋಡೆಯ ಕಡೆ ತಿರುಗಿ ನಿಂತುಬಿಟ್ಟೆ.

ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ಕೇಳಿಸಿಕೊಳ್ಳದೆ ಇಟ್ಟುಬಿಡಬಹುದು. ಕಾಗದವನ್ನು ಈ ಹೊತ್ತು ಮೂಲೆಗೆ ಎಸೆದರೂ ನಾಳೆ ಎತ್ತಿ ಓದುತ್ತೀಯ ಎಂಬ ಆಸೆ ನನಗೆ.

ಅಪ್ಪನ ಸುಟ್ಟ ಕೈ ಹಾಗೇ ಇದೆ. ಬಲ ಅಂಗೈಯ ಚರ್ಮ ಪೂರ್ತಿ ಎದ್ದಿದೆ. ಬೆರಳು ಮಡಚಲು ಇನ್ನೂ ತಿಂಗಳಾಗಬಹುದು ಎಂದು ಡಾಕ್ಟರು ಹೇಳಿದರು. ಎಡಗೈಯಲ್ಲಿ ಚಮಚ ಹಿಡಿದು ಕಡಲೆ ಸಾರು ತಿನ್ನಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ನಾನು ತಿನ್ನಿಸಲು ಹೋದರೆ ಬಾಯಿ ಬಿಗಿದುಕೊಂಡರು. ಆಮೇಲೆ ಒಣರೊಟ್ಟಿ ನೆನೆಸಿ, ಟೊಮೆಟೊ ಹಿಂಡಿ ತಟ್ಟೆಯಲ್ಲಿಟ್ಟು ನಾನು ಹಿತ್ತಿಲಿಗೆ ಹೋದೆ. ಬಂದು ನೋಡಿದಾಗ ತಟ್ಟೆ ಖಾಲಿಯಾಗಿತ್ತು. ಮೂವತ್ತು ವರ್ಷ ಏಣಿಯ ತುದಿಯಲ್ಲಿ ನಿಂತು ಊರೂರ ಹಬ್ಬಕ್ಕೆ ದೀಪ ಕಟ್ಟಿದ ಮನುಷ್ಯ ಈಗ ಯಾರೂ ನೋಡದಾಗ ಊಟ ಮಾಡುತ್ತಾರೆ.

ಊರಿನ ಸುದ್ದಿ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಬಚ್ಚಿಟ್ಟರೆ ನೀನು ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತೀಯ. ರೊಟ್ಟಿ ಅಂಗಡಿಯಲ್ಲಿ ಒಬ್ಬಳು, 'ಈ ವರ್ಷ ಹಬ್ಬದಲ್ಲಿ ಸಂತ ಮರೀನಮ್ಮ ಮೇಣದಬತ್ತಿ ಹಿಡ್ಕೊಂಡೇ ಮನೆಗೆ ಹೋದ್ಲು' ಅಂದಳು. ಇನ್ನೊಬ್ಬಳು ನನ್ನ ಮುಖ ನೋಡಿಕೊಂಡೇ, 'ಮದುವೆ ಆಗದ ಹುಡುಗಿ ಕೈಲಿ ದೀಪದ ತಾಯಿಗಂಟು ಕಟ್ಟಿಸಿದ್ರೆ ಇನ್ನೇನಾಗತ್ತೆ' ಅಂದಳು. ನಾನು ಅರ್ಧ ಕಿಲೋ ಕೇಳಿದ್ದೆ, ಅವರು ಕೊಡುವ ಮೊದಲೇ ಹೊರಗೆ ಬಂದೆ. ನಿನ್ನ ಮಾವ ಬ್ರಿಟ್ಸಿಯೊ ಮಾತ್ರ, 'ಅಕ್ಕಾ, ಇವರ ಮನೆಯ ಬಲ್ಬ್ ಸುಟ್ಟರೆ ಬದಲಾಯಿಸೋಕೂ ನಮ್ಮನ್ನೇ ಕರೀತಾರೆ, ಬಿಡು' ಎಂದು ನಗಿಸಲು ನೋಡಿದ. ನಗು ಬರಲಿಲ್ಲ.

ಹಬ್ಬದ ಆ ಭಾನುವಾರದ ಸಂಜೆಯನ್ನು ನಾನು ಎಷ್ಟು ಸಲ ನೆನೆದೆನೋ. ದೇವರ ಮೂರ್ತಿ ಇಗರ್ಜಿಯ ಮೆಟ್ಟಿಲಿಗೆ ಬಂತು, ಬ್ಯಾಂಡಿನವರು ಊದಿದರು, ಕೆಳಗೆ ಬ್ರಿಟ್ಸಿಯೊ ಸ್ವಿಚ್ಚು ಎತ್ತಿದ. ಮರದ ಚೌಕಟ್ಟಿಗೆ ಬಲ್ಬು ಕಟ್ಟಿದ ನಮ್ಮ ದೀಪದ ಬಾಗಿಲು ನೆಲದಿಂದ ಕಿರೀಟದವರೆಗೆ ಒಮ್ಮೆಲೇ ಅರಳಿತು. ನೀನು ನೀಲಿ ಅಂಗಿ ಹಾಕಿಕೊಂಡು ನನ್ನ ಪಕ್ಕ ನಿಂತಿದ್ದೆ. ನನ್ನ ತೋಳು ಹಿಡಿದಿದ್ದೆ. ಮೂರ್ತಿ ಬಾಗಿಲಿನ ಕೆಳಗೆ ಬರುವ ಹೊತ್ತಿಗೆ ಎಡಗಡೆಯ ರೆಕ್ಕೆ ಇದ್ದಕ್ಕಿದ್ದಂತೆ ಹಾಲಿನ ಹಾಗೆ ಬೆಳ್ಳಗಾಯಿತು. ನಡುವಿನ ಕಿರೀಟ ಕೆಂಡದಂತೆ ಮಂಕಾಯಿತು. ಜನ ಅದನ್ನೂ ಹೊಸ ಆಟ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಮಗಳೇ, ಅಷ್ಟು ಚೆಂದ ಇತ್ತು. ನಿನ್ನ ಉಗುರು ನನ್ನ ತೋಳಿಗೆ ನಾಟಿದಾಗಲೇ ನನಗೆ ಗೊತ್ತಾದದ್ದು. 'ಗಂಟು ಬಿಟ್ಟಿದೆ ಅಮ್ಮಾ' ಎಂದೆ. ಅಷ್ಟರಲ್ಲಿ ಬಲ್ಬುಗಳು ಪಟಪಟ ಸಿಡಿದವು. ಬ್ರಿಟ್ಸಿಯೊ ಸ್ವಿಚ್ಚು ಇಳಿಸಿದ, ಚೌಕವೆಲ್ಲ ಕತ್ತಲಾಯಿತು. ಏಣಿಯ ಮೇಲೆ ಅಪ್ಪ, ಉರಿಯುತ್ತಿದ್ದ ಟೇಪನ್ನು ಮರದ ಚೌಕಟ್ಟಿಗೆ ಬೆಂಕಿ ಹತ್ತದ ಹಾಗೆ ಬರಿಗೈಯಲ್ಲಿ ಕಿತ್ತೆಸೆಯುತ್ತಿದ್ದರು. ಬೆಳಕು ಹೋದ ಮೇಲೂ ಕಣ್ಣೊಳಗೆ ಬಾಗಿಲಿನ ಆಕಾರ ಸ್ವಲ್ಪ ಹೊತ್ತು ಹಸಿರಾಗಿ ಉಳಿಯುತ್ತದಲ್ಲ, ಅದರೊಳಗೆ ಹುಡುಕಿದೆ. ನೀನು ಪಕ್ಕದಲ್ಲಿ ಇರಲಿಲ್ಲ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋಗಿದ್ದೆ.

ಈಗ ನಾನು ಹೇಳುವುದನ್ನು ಗಮನವಿಟ್ಟು ಓದು. ನಿನ್ನಷ್ಟು ನನಗೆ ತಂತಿಯ ವಿಷಯ ಗೊತ್ತಿಲ್ಲ. ಆದರೆ ನೀನು ಕಲಿತದ್ದು ನನ್ನ ಅಡುಗೆಮನೆಯಲ್ಲೇ. ಅರ್ಧ ಬೆಂದ ಸ್ಪಗೆಟ್ಟಿಯನ್ನು ಹಿಡಿಹಿಡಿಯಾಗಿ ಹಿಡಿದು ತಿರುಚುತ್ತಿದ್ದೆ, ಆ ದಿನಗಳಲ್ಲಿ ನಮಗೆ ಗಂಟುಗಂಟಾದ ಊಟವೇ ಗತಿ. ಎಲ್ಲ ದೀಪಗಳಿಂದ ಮರಳಿ ಬರುವ ತಂತಿಗಳು ಕಿರೀಟದ ಹಿಂದೆ ಒಂದೇ ಕಡೆ ಸೇರುವ ಗಂಟಿಗೆ ನಮ್ಮವರು ತಾಯಿ ಅನ್ನುತ್ತಾರೆ. ಅದನ್ನು ಒಂದೊಂದಾಗಿ ಸೇರಿಸಬಾರದು, ಎಲ್ಲವನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದು ಒಂದೇ ತಿರುವಿನಲ್ಲಿ ಹೊಸೆಯಬೇಕು. ಆಮೇಲೆ ಹಿತ್ತಾಳೆಯ ಕ್ಲಾಂಪು ಬಿಗಿದು ಟೇಪು ಸುತ್ತಬೇಕು. ಆಮೇಲೆ ಮುಟ್ಟಬಾರದು. ಅದು ಸಡಿಲವಾದರೆ ಒಂದು ಕಡೆಯ ದೀಪ ಮಿತಿಮೀರಿ ಉರಿದು ಸಿಡಿಯುತ್ತದೆ, ಇನ್ನೊಂದು ಕಡೆಯದು ಮಂಕಾಗುತ್ತದೆ. ಅಪ್ಪ ನಿನಗೆ ಕಲಿಸುವಾಗ, 'ಎಲ್ಲರೂ ಒಟ್ಟಿಗೆ ಕೈ ಹಿಡಿದಿರಬೇಕು, ತಡವಾಗಿ ಬಂದವನು ಎಲ್ಲರ ಕೈ ಸಡಿಲ ಮಾಡ್ತಾನೆ' ಎನ್ನುತ್ತಿದ್ದರು. ಒಲೆಯ ಮುಂದೆ ನಿಂತು ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

ನಿನಗೆ ನೆನಪಿದೆಯಲ್ಲ, ಭಾನುವಾರ ಮಧ್ಯಾಹ್ನ ಕೊನ್ಸಿಲಿಯಾ ಅಜ್ಜಿ ಬಲ್ಬು ಕಟ್ಟಿದ ತಂತಿಯ ಸಣ್ಣ ಕಿರೀಟವೊಂದನ್ನು ಹೊತ್ತುಕೊಂಡು ಬಂದಿದ್ದು? ಮೊಮ್ಮಗನ ಜ್ವರ ಇಳಿದರೆ ಸಂತ ಮರೀನಾಳಿಗೆ ದೀಪ ಎಂದು ಹರಕೆ ಹೊತ್ತಿದ್ದಳು. ಹರಕೆಯ ದೀಪಕ್ಕೆ ಈ ಊರಿನಲ್ಲಿ ಯಾರೂ 'ಇಲ್ಲ' ಅನ್ನುವುದಿಲ್ಲ. ನೀನು ಅಂದೆ. ಎಷ್ಟು ಮೆತ್ತಗೆ ಅಂದೆ: 'ಗಂಟು ಮುಚ್ಚಿದೆ ಅಜ್ಜಿ. ಮುಂದಿನ ವರ್ಷ ನಿಮ್ಮ ದೀಪವೇ ಮೊದಲು.' ಅಪ್ಪ ಹತ್ತಿರವೇ ನಿಂತು ಕೇಳಿಸಿಕೊಂಡರು. ನೀನು ಬಟ್ಟೆ ಬದಲಾಯಿಸಲು ಮನೆಗೆ ಬಂದೆ.

ನಿನ್ನೆ ಆ ಅಜ್ಜಿ ಒಂದು ಬುಟ್ಟಿ ಅಂಜೂರ ತಂದಳು. ಒಳಗೆ ಬಂದವಳೇ ಅಳತೊಡಗಿದಳು. ಮರೀನಮ್ಮ ತನ್ನ ಹರಕೆಯನ್ನು ತಳ್ಳಿಬಿಟ್ಟಳು, ಇನ್ನು ಮೊಮ್ಮಗನ ಗತಿ ಏನು ಎಂದು ಅವಳ ಸಂಕಟ. ನಿಮ್ಮ ದೀಪ ಹಚ್ಚಿರಲೇ ಇಲ್ಲವಲ್ಲ ಅಜ್ಜಿ ಎಂದೆ. 'ಹಚ್ಚದೆ ಏನು? ಹುಡುಗಿ ಆ ಕಡೆ ಹೋದ್ಲು, ಈ ಕಡೆ ಪಾಂಟಲೆಯೊ ತಾನೇ ಹತ್ತಿ ಟೇಪು ಬಿಚ್ಚಿ ನನ್ನ ತಂತಿ ಸೇರಿಸ್ದ. ಏಣಿ ಹಿಡ್ಕೊಂಡಿದ್ದೋಳು ನಾನೇ ಅಲ್ವಾ' ಎಂದಳು.

ಹೌದು ಮಗಳೇ. ನಿನ್ನ ಅಪ್ಪನೇ. ನೀನು ಹೊಸೆದು ಮುಚ್ಚಿದ ಗಂಟನ್ನು ಬಿಚ್ಚಿ, ಮತ್ತೆ ಎಲ್ಲವನ್ನೂ ಹೊಸೆಯಲು ಹೊತ್ತಿಲ್ಲವೆಂದು, ಆ ಒಂದು ತಂತಿಯನ್ನು ನಡುವೆ ತುರುಕಿ ಟೇಪು ಸುತ್ತಿದರು. ಬ್ಯಾಂಡಿನವರು ಆಗಲೇ ಸೇರಿದ್ದರು. ಹರಕೆ ಹೊತ್ತ ಮುದುಕಿ ಕೆಳಗೆ ಕೈ ಮುಗಿದು ನಿಂತಿದ್ದಳು. ಆ ಹೊತ್ತಿಗೆ ಇಲ್ಲ ಅನ್ನಲು ಅವರಿಂದ ಆಗಲಿಲ್ಲ. ಅದರಲ್ಲಿ ಕೆಟ್ಟತನವಿತ್ತು ಎಂದು ನಾನು ಹೇಳುವುದಿಲ್ಲ. ಕೆಟ್ಟದ್ದು ಆಮೇಲೆ ಬಂತು.

ಅಜ್ಜಿ ಹೋದ ಮೇಲೆ ಕೇಳಿದೆ. ಮೊದಲು ಕೈ ನೋವು ಎಂದರು. ಆಮೇಲೆ, ಅವಳು ಹೇಳಿದ್ದು ನಿಜ ಎಂದರು. ಹಾಗಾದರೆ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಯಾಕೆ ಕೂತಿರಿ ಎಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಹಾಗೇ ಬರೆಯುತ್ತೇನೆ, ಏಕೆಂದರೆ ಅದನ್ನು ಒಬ್ಬಳೇ ಹೊತ್ತುಕೊಂಡಿರಲು ನನ್ನಿಂದ ಆಗುತ್ತಿಲ್ಲ. 'ಅವಳು ಚಿಕ್ಕವಳು, ಹುಡುಗಿ ತಪ್ಪು ಮಾಡಿದ್ಲು ಅಂತ ಜನ ಎರಡು ವರ್ಷಕ್ಕೆ ಮರೀತಾರೆ. ಪಾಂಟಲೆಯೊ ಮುಚ್ಚಿದ ಗಂಟು ಬಿಚ್ಚಿದ ಅಂತ ಗೊತ್ತಾದ್ರೆ ನನ್ನನ್ನ ಯಾವ ಊರಿನವರೂ ಕರೆಯಲ್ಲ. ಆಮೇಲೆ ಅವಳಿಗೂ ಕೆಲಸ ಇಲ್ಲ, ನಿನಗೂ ಅನ್ನ ಇಲ್ಲ. ನೀನು ಅವಳಿಗೆ ಹೇಳಬೇಡ.'

ಅವರು ಮರೀತಾರೆ ಎಂದದ್ದು ಊರಿನವರ ವಿಷಯ. ಕಿಟಕಿಯ ಪಕ್ಕ ಕೂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿರುವ ಹುಡುಗಿಯ ಲೆಕ್ಕ ಅವರ ಮಾತಿನಲ್ಲಿ ಇರಲೇ ಇಲ್ಲ. ರಾತ್ರಿಯೆಲ್ಲ ನಾನು ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿತ ಹಳೆಯ ಪದ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ, ನಿದ್ದೆ ಬರದಾಗ ಅದೇ ನನ್ನ ಜಪಮಾಲೆ. ಯಾವ ಸಾಲೂ ಕೊನೆಯವರೆಗೆ ಬರಲಿಲ್ಲ. ಪಕ್ಕದಲ್ಲಿ ಅವರೂ ಎಚ್ಚರವಾಗಿದ್ದರು. ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಗುವಿನ ಹಾಗೆ ನರಳುತ್ತಿದ್ದರು. ಒಂದೇ ಹಾಸಿಗೆಯಲ್ಲಿ ಮಲಗಿ ಒಬ್ಬರ ಮೇಲೆ ಇಷ್ಟು ಕೋಪ, ಇಷ್ಟು ಮರುಕ ಒಟ್ಟಿಗೆ ಬರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಈ ಭಾನುವಾರ ಎಂಟನೆಯ ದಿನದ ಹಬ್ಬ. ಮೂರ್ತಿ ಮತ್ತೆ ಹೊರಗೆ ಬರುತ್ತದೆ, ದೀಪ ಮತ್ತೆ ಹಚ್ಚಬೇಕು. ಸುಟ್ಟ ಬಲ್ಬುಗಳನ್ನು ಬ್ರಿಟ್ಸಿಯೊ ಬದಲಾಯಿಸುತ್ತಿದ್ದಾನೆ. ತಾಯಿಗಂಟು ಕಟ್ಟುವ ಕೈ ಮಾತ್ರ ನಮ್ಮಲ್ಲಿ ಇಲ್ಲ. ಶನಿವಾರದೊಳಗೆ ನಮ್ಮಿಂದ ಆಗದಿದ್ದರೆ ಪಕ್ಕದ ಊರಿನವರನ್ನು ಕರೆಸುತ್ತೇನೆ ಎಂದು ಹಬ್ಬದ ಸಮಿತಿಯ ಇಪ್ಪಾಟ್ಸಿಯೊ ಬಂದು ಹೇಳಿ ಹೋದ. ಅವರು ಬಂದು ಕಟ್ಟಿ ದೀಪ ಹತ್ತಿತು ಎಂದರೆ ಮುಗಿಯಿತು, ತಪ್ಪು ನಿನ್ನ ಕೈಯದೇ ಎಂದು ಊರು ಶಾಶ್ವತವಾಗಿ ನಂಬುತ್ತದೆ. ನೀನೂ ನಂಬುತ್ತೀಯ. ನನ್ನ ಹೆದರಿಕೆ ಅದೇ. ನಿನ್ನ ಕೈ ಸರಿಯಾಗಿದೆ ಮಗಳೇ. ನೀನು ಕಟ್ಟಿದ ಗಂಟು ಬಿಟ್ಟಿಲ್ಲ. ಈ ಸಾಲನ್ನು ಮತ್ತೆ ಓದು.

ಅಪ್ಪನಿಗೆ ಇಂದು ಬೆಳಿಗ್ಗೆ ಹೇಳಿದೆ: ಸಂಜೆಯೊಳಗೆ ನೀವೇ ಹೋಗಿ ಸಮಿತಿಯವರ ಮುಂದೆ ಹೇಳಿ ಬನ್ನಿ, ನಾನು ಬೇರೇನೂ ಕೇಳುವುದಿಲ್ಲ. ಈಗ ಗಡ್ಡ ಕೆರೆಸಿಕೊಳ್ಳಬೇಕು ಎಂದು ಎದ್ದಿದ್ದಾರೆ. ಸಮಿತಿಯವರೆಲ್ಲ ಸೇರುವುದು ಕ್ಷೌರದಂಗಡಿಯಲ್ಲೇ. ಅಂಗಿಯ ಗುಂಡಿ ನಾನೇ ಹಾಕಿದೆ. ಕೊನೆಯ ಗುಂಡಿ ಹಾಕುವಾಗ ಅವರ ಎದೆ ಹೊಡೆದುಕೊಳ್ಳುವುದು ಕೈಗೆ ತಾಗಿತು. ಹೇಳುತ್ತಾರೆ ಎಂದು ನನ್ನ ಮನಸ್ಸು ಹೇಳುತ್ತಿದೆ. ಕೆಟ್ಟ ಮನುಷ್ಯ ಅಲ್ಲ ಅವರು, ಹೆದರಿದ ಮನುಷ್ಯ. ಹೇಳಿ ಬಂದರೆಂದು ತಿಳಿದ ಕೂಡಲೇ ಚಿಕ್ಕಮ್ಮನಿಗೆ ಫೋನ್ ಮಾಡುತ್ತೇನೆ, ಆಗ ಬಾ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ಕೂದಲಿಗೆ ಎಣ್ಣೆ ಹಚ್ಚಿಕೋ, ಬಿಸಿಲಲ್ಲಿ ತಿರುಗಬೇಡ. ಸಂತ ಮರೀನಾ ನಿನ್ನ ತಲೆ ಕಾಯಲಿ, ನಿನ್ನ ಎರಡೂ ಕೈ ಕಾಯಲಿ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಕಿತ್ತು ಬರೆಯುತ್ತಿದ್ದೇನೆ, ತಾರಾಂತೊ ಬಸ್ಸಿನವನು ಹಾರನ್ ಹೊಡೆಯುತ್ತಿದ್ದಾನೆ. ಅಪ್ಪ ಬಂದರು. ಹೇಳಲಿಲ್ಲ. ಅಂಗಡಿ ತುಂಬಾ ಜನ ಇದ್ದರಂತೆ. ಇಪ್ಪಾಟ್ಸಿಯೊ ಎದ್ದು ಕೂರಲು ಜಾಗ ಕೊಟ್ಟು, 'ಮಗಳ ತಪ್ಪಿಗೆ ಕೈ ಸುಟ್ಕೊಂಡ್ರಿ ಪಾಂಟಲೆಯೊ, ಅಪ್ಪ ಅಂದ್ರೆ ನೀವು' ಅಂದನಂತೆ. ಇವರು ಕೂತು ಗಡ್ಡ ಕೆರೆಸಿಕೊಂಡು ಬಂದರು. 'ನನ್ನ ಕೈಲಿ ಆಗಲಿಲ್ಲ' ಎಂದು ನನಗೆ ಹೇಳಿ ಕೋಣೆ ಸೇರಿದ್ದಾರೆ. ಫೋನಿಗಾಗಿ ಕಾಯಬೇಡ. ಗಂಟು ಯಾರು ಬೇಕಾದರೂ ಕಟ್ಟಲಿ, ನೀನು ಅದಕ್ಕಾಗಿ ಬರಬೇಡ. ಭಾನುವಾರ ಸ್ವಿಚ್ಚು ಎತ್ತುವ ಮುಂಚೆ, ಬ್ಯಾಂಡು ನಿಂತಾಗ, ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ನಾನು ಹೇಳುತ್ತೇನೆ. ಆಮೇಲೆ ಈ ಮನೆಯಲ್ಲಿ ನನಗೆ ಏನು ಉಳಿಯುತ್ತದೋ ತಿಳಿಯದು. ಅಷ್ಟು ಜನರ ಮುಂದೆ ಬಾಯಿ ತೆರೆದು ನನಗೆ ಅಭ್ಯಾಸವಿಲ್ಲ, ಅದೂ ಅವರ ವಿರುದ್ಧ. ಜನರನ್ನು ನೋಡಿದರೆ ನನಗೆ ಮಾತು ನಿಂತುಹೋಗುತ್ತದೆ. ಮುಂದೆ ಬಂದು ನಿಂತುಕೋ. ನಿನ್ನ ಮುಖವೊಂದನ್ನೇ ನೋಡಿಕೊಂಡು ಹೇಳಿಬಿಡುತ್ತೇನೆ.