ಸುಣ್ಣ ಬೀಳದ ಕಣ್ಣು

ಅಮ್ಮಾ,

ನೀನು ತೀರಿಹೋದ ಮೇಲೆ ಹುಟ್ಟಿದ ನನ್ನ ಮಗಳ ಕಣ್ಣಿನ ಕರಿಗುಡ್ಡೆಯ ಮೇಲೂ ನನಗಿರುವಂಥದೇ ಬಿಳಿ ಮಚ್ಚೆಯಿದೆ. ಇಂದು ಕಣ್ಣಿನ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿದರು.

“ನನ್ನದು ಸುಣ್ಣ ಬಿದ್ದು ಆದದ್ದು,” ಎಂದೆ.

“ಇಲ್ಲಮ್ಮ, ನಿಮ್ಮದೂ ಹುಟ್ಟಿನಿಂದಲೇ ಬಂದದ್ದು. ಗರ್ಭದಲ್ಲೇ ಕಣ್ಣಿನ ಮುಂಭಾಗ ಸರಿಯಾಗಿ ಬೆಳೆದಿಲ್ಲ.”

ಗೋಡೆಗೆ ಬಳಿಯುವಾಗ ಸೋದರತ್ತೆ ನನ್ನ ಕಣ್ಣಿಗೆ ಸುಣ್ಣ ಸಿಡಿಸಿದರೆಂದು ಹೇಳಿ, ಅವರು ನಮ್ಮ ಹೊಸ್ತಿಲು ತುಳಿಯದಂತೆ ಮಾಡಿದವಳು ನೀನು. ಆಸ್ಪತ್ರೆಯಿಂದ ನೇರವಾಗಿ ಅವರ ಮನೆಗೆ ಹೋದೆ. ಅತ್ತೆ ಮಗುವನ್ನು ಎತ್ತಿಕೊಂಡು ಕಣ್ಣು ನೋಡಿದರು.

“ನೀನೂ ಹುಟ್ಟಿದಾಗ ಹೀಗೇ ಇದ್ದೆ. ನಿಮ್ಮಪ್ಪ ಪರ ಊರಲ್ಲಿ ಕೆಲಸದಲ್ಲಿದ್ದ. ಅವನು ಬರೋ ಹೊತ್ತಿಗೆ ನಿಮ್ಮಮ್ಮ ಸುಣ್ಣದ ಕಥೆ ಕಟ್ಟಿದ್ದಳು.”

“ನೀವ್ಯಾಕೆ ಸುಮ್ಮನಿದ್ರಿ ಅತ್ತೆ?”

“ಹೆತ್ತದ್ದೇ ದೋಷದ ಮಗು ಅಂತ ಗೊತ್ತಾಗಿದ್ರೆ ಅವಳನ್ನ ತವರಿಗೆ ಅಟ್ಟಿಬಿಡ್ತಿದ್ದ. ನೀನಿನ್ನೂ ಎಳೆಗೂಸು.”

ನೀನು ಅಪ್ಪನಿಗೆ ಹೆದರಿದ್ದೆ, ಅದನ್ನು ಒಪ್ಪುತ್ತೇನೆ. ಅವರು ತೀರಿಕೊಂಡ ಮೇಲೂ ನನಗೆ ಯಾಕೆ ಸುಳ್ಳು ಹೇಳುತ್ತ ಬಂದೆ?

ಡಾಕ್ಟರು ಹೇಳಿರುವ ಮಗುವಿನ ಕಣ್ಣಿನ ಆಪರೇಷನ್‌ಗೆ ಅತ್ತೆ ಜೊತೆಗೆ ಬರುತ್ತಾರೆ. ನಾನೇ ಕರೆದೆ.