ಗೋಪುರದ ಮೇಲಿನ ಮೊದಲ ತುತ್ತು

ಕಪ್ಪತಗುಡ್ಡದ ಬುಡ, ೨೨೩೧ನೇ ಇಸವಿ, ಫೆಬ್ರುವರಿ ೩೦

ನಿಮ್ಮ ಕಾಲದ ತಾಯಂದಿರಿಗೆ ಗುರವ್ವನ ನಮಸ್ಕಾರ.

ತಾರೀಖು ನೋಡಿ ನಗಬೇಡಿ; ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿಕೊಂಡಿದ್ದೇವೆ. ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ಗಾಳಿಯಿಂದ ಕರೆಂಟು ತೆಗೆಯುವ ಗಾಳಿಗೋಪುರಗಳ ಊರು. ನನ್ನ ಅತ್ತೆ ಬಸಲಿಂಗವ್ವ ನಸುಕಿನಲ್ಲೇ ಗೋಪುರ ಏರಿ ರೆಕ್ಕೆಗಳ ಧೂಳು ಒರೆಸುತ್ತಿದ್ದರು. ಅವರು ಇಳಿದು ಬಂದು ತುತ್ತು ಎತ್ತುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಎತ್ತರದಲ್ಲಿ ಜೀವ ಒತ್ತೆಯಿಟ್ಟವರನ್ನು ಬಿಟ್ಟು ಉಣ್ಣಬಾರದೆಂಬುದು ಇಲ್ಲಿಯ ಎಲ್ಲ ಮನೆಗಳ ರೀತಿ. ಶಾಲೆಯ ಗಂಟೆ ಮಾತ್ರ ಅವರಿಗಾಗಿ ಕಾಯುತ್ತಿರಲಿಲ್ಲ.

ಏಳು ವರ್ಷ ತುಂಬಿದ ಮಕ್ಕಳನ್ನು ಇಲ್ಲಿ ಅರಿವುಗನ್ನಡಿಯ ಮುಂದೆ ಕೂರಿಸುತ್ತಾರೆ. ಅದು ಪ್ರಶ್ನೆ ಕೇಳುವ ಗಾಜಿನ ಹಲಗೆ; ಮಗು ಓದಿನ ಶಾಲೆಗೋ ಕೈಕೆಲಸದ ಶಾಲೆಗೋ ಎಂದು ಅದೇ ತೀರ್ಮಾನಿಸುತ್ತದೆ. ನನ್ನ ಮಗಳು ಹೊನ್ನಿ ಸಂಜೆ ಆಟಕ್ಕೆಂದು ಮೋಡಗಳ ವೇಗ ಲೆಕ್ಕ ಹಾಕುತ್ತಿದ್ದ ಹುಡುಗಿ. ಪರೀಕ್ಷೆಯ ಬೆಳಿಗ್ಗೆ ಮಾತ್ರ ಎಂಟೂ ಐದೂ ಕೂಡಿಸಲಾರದೆ ಕೂತಳು. ಕನ್ನಡಿ "ಮಂದ" ಎಂದು ಬರೆಯಿತು. ಇನ್ನು ಒಂದೇ ಮರುಪರೀಕ್ಷೆ.

ಮೌಲಾಬಿ ಟೀಚರ್ ಮಗುವಿನ ಮುಖ ನೋಡಿ, "ಮುಂಜಾನೆ ಏನ್ ತಿಂದೀ?" ಎಂದು ಕೇಳಿದರು.

"ಆಯಿ ಇನ್ನೂ ಇಳಿದಿಲ್ಲರಿ," ಎಂದಳು ಹೊನ್ನಿ; ಅಜ್ಜಿಯನ್ನು ಅವಳು ಕರೆಯುತ್ತಿದ್ದುದು ಹಾಗೆ.

ಟೀಚರ್ ಮನೆಗೇ ಬಂದರು. ಹಸಿದ ಮಗುವಿಗೆ ಪ್ರಶ್ನೆ ಕೇಳಿಸುತ್ತದೆ, ಉತ್ತರ ಹುಡುಕುವಷ್ಟರಲ್ಲಿ ಪ್ರಶ್ನೆಯೇ ಜಾರಿಹೋಗಿರುತ್ತದೆ ಎಂದು ಅತ್ತೆಗೆ ಬಿಡಿಸಿ ಹೇಳಿದರು.

"ಅಂದ್ರ ನನ್ನ ಮರ್ಯಾದಿ ಸಲುವಾಗಿ ಕೂಸು ದಡ್ಡಿ ಅನ್ನಿಸಿಕೋಬೇಕೇನು?" ಎಂದರು ಅತ್ತೆ. ಸಿಟ್ಟು ಯಾರ ಮೇಲೆಂದು ಕೇಳುವ ಧೈರ್ಯ ನನಗಿರಲಿಲ್ಲ.

ರೀತಿ ಮುರಿಯಲು ಅವರಿಗೆ ಮನಸ್ಸಿಲ್ಲ. ಮರುದಿನ ರೊಟ್ಟಿಗಂಟು ಸೊಂಟಕ್ಕೆ ಕಟ್ಟಿಕೊಂಡೇ ಏರಿದರು. ಮೇಲೆ ಕೂತು ಮೊದಲ ತುತ್ತು ನುಂಗಿ, ಉಂಡೆನೆಂದು ಕೆಳಗೆ ತಿಳಿಸಲು, ಅಪಾಯ ಸಾರಲೆಂದು ಇಟ್ಟಿದ್ದ ಕೊಂಬು ಊದಿದರು. ಅರ್ಧ ಊರು ಗಾಬರಿಯಾಗಿ ಓಡಿಬಂತು. ಕೆಳಗೆ ಹೊನ್ನಿ ನಿಶ್ಚಿಂತೆಯಿಂದ ರೊಟ್ಟಿ ಮುರಿದಳು.

ಮರುಪರೀಕ್ಷೆಯ ದಿನ ಉಂಡು ಹೋದಳು. ಕನ್ನಡಿ "ಮಂದ" ಎಂಬುದನ್ನು ಅಳಿಸಿತು. ರೊಟ್ಟಿ ಬುದ್ಧಿ ಕೊಡಲಿಲ್ಲ. ಇದ್ದ ಬುದ್ಧಿಗೆ ದಾರಿ ಬಿಟ್ಟಿತು, ಅಷ್ಟೆ. ಅತ್ತೆಯ ಕೊಂಬು ಕೇಳಿ ಉಣ್ಣುವುದು ಊರಿನ ಮಕ್ಕಳಿಗೆಲ್ಲ ರೂಢಿಯಾಯಿತು.

ಹೋದ ತಿಂಗಳು ಅತ್ತೆ ತೀರಿಕೊಂಡರು. ಮರುದಿನ ಬೆಳಿಗ್ಗೆ ಮನೆಮನೆಯಲ್ಲೂ ಮಕ್ಕಳು ರೊಟ್ಟಿ ಮುಂದಿಟ್ಟುಕೊಂಡು ಕೊಂಬಿಗಾಗಿ ಕಾಯುತ್ತ ಕೂತಿದ್ದರು. ಈಗ ದೊಡ್ಡವಳಾಗಿರುವ ಹೊನ್ನಿ ಕಣ್ಣೊರೆಸಿಕೊಂಡು ಗೋಪುರ ಏರಿದಳು. ಮೊದಲ ತುತ್ತು ನುಂಗಿ ಕೊಂಬು ಊದಿದಳು.

ನಿಮ್ಮಲ್ಲಿ ಇಂಥ ಕೊಂಬಿಲ್ಲ ಎಂದು ಬಲ್ಲೆ. ನಿಮ್ಮ ಮಗುವನ್ನು ಯಾರಾದರೂ ಮಂದ ಎಂದರೆ ಮೊದಲು ಅದಕ್ಕೆ ಉಣಿಸಿ. ಆಮೇಲೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಹೇಳಿ.